ಜೀಪಿನ ಸ್ಟೀರಿಂಗ್ ನಡುಗುತ್ತಿದೆಯೇ? ಟೈರು ಕೊಳ್ಳುವ ಮುನ್ನ ಬುಷ್ ನೋಡಿ

ಮಲೆನಾಡಿನ ತೋಟಗಳಲ್ಲಿ ಜೀಪು ಮಾಡದ ಕೆಲಸವಿಲ್ಲ. ಗೊಬ್ಬರದ ಮೂಟೆ ಹೊರುವುದು ಅದೇ, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣನ್ನು ಕಣಕ್ಕೆ ಸಾಗಿಸುವುದು ಅದೇ, ಅಪರಾತ್ರಿಯಲ್ಲಿ ಹೆರಿಗೆ ನೋವು ಬಂದವರನ್ನು ಪೇಟೆಯ ಆಸ್ಪತ್ರೆಗೆ ಮುಟ್ಟಿಸುವುದೂ ಅದೇ. ಇಂತಹ ಜೀಪು ಒಂದು ದಿನ ರಸ್ತೆಯ ಗುಂಡಿಗೆ ಬಿದ್ದು ಎದ್ದೊಡನೆ ಅದರ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳತೊಡಗುತ್ತವೆ. ಸ್ಟೀರಿಂಗ್ ಹಿಡಿದವರ ಕೈ ಹೆಗಲಿನವರೆಗೂ ಅದುರುತ್ತದೆ. ವೇಗ ತಗ್ಗಿಸುವವರೆಗೆ ನಡುಕ ನಿಲ್ಲುವುದಿಲ್ಲ. ಗ್ಯಾರೇಜಿನವರು ಇದನ್ನು ‘ವಾಬ್ಲಿಂಗ್’ ಎನ್ನುತ್ತಾರೆ.

ನೆಟ್ಟಗಿನ ರಸ್ತೆಯಲ್ಲಿ ಇದು ಎದೆ ನಡುಗಿಸಿ ಬಿಟ್ಟೀತು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಒಂದು ಬದಿಗೆ ಪ್ರಪಾತವಿರುವ ತಿರುವಿನಲ್ಲಿ, ಹಿಂದೆ ಜನ ಕುಳಿತಿರುವಾಗ ಬಂದರೆ ಗತಿಯೇನು? ಆದುದರಿಂದ ‘ಹಳೆ ಜೀಪು, ನಡುಗುವುದು ಸಹಜ’ ಎಂದು ಸುಮ್ಮನಿರುವುದು ಸರಿಯಲ್ಲ. ಹಳೆಯದಾದರೂ ಬಿಗಿಯಾಗಿರುವ ಜೀಪು ನಡುಗುವುದಿಲ್ಲ. ನಡುಗುತ್ತಿದೆ ಎಂದರೆ ಎಲ್ಲಿಯೋ ಸಡಿಲವಿದೆ ಎಂದೇ ಅರ್ಥ.

ಸಡಿಲ ಎಲ್ಲಿದೆ ಎಂದು ಹುಡುಕದೆ ಖರ್ಚಿಗೆ ಇಳಿಯುವುದೇ ನಮ್ಮಲ್ಲಿ ಹೆಚ್ಚು. ನನಗೆ ತಿಳಿದ ಬೆಳೆಗಾರರೊಬ್ಬರು ಇದೇ ತೊಂದರೆಗಾಗಿ ಮೊದಲು ಮುಂದಿನ ಎರಡು ಟೈರುಗಳನ್ನು ಹೊಸದಾಗಿ ಹಾಕಿಸಿದರು. ನಡುಕ ನಾಲ್ಕು ದಿನ ಕಡಿಮೆಯಾದಂತೆ ಕಂಡು ಮತ್ತೆ ಬಂತು. ಆಮೇಲೆ ಸ್ಟೀರಿಂಗ್ ಬಾಕ್ಸ್ ಬಿಚ್ಚಿಸಿದರು. ಅದಕ್ಕೂ ನಿಲ್ಲಲಿಲ್ಲ. ಕಡೆಗೆ ಜೀಪಿನ ಕೆಳಗೆ ಮಲಗಿ ನೋಡಿದಾಗ ಎಡಗಡೆಯ ಕಮಾನು ಪಟ್ಟಿಯ ಕಣ್ಣಿನಲ್ಲಿ ಇರಬೇಕಾದ ರಬ್ಬರ್ ಬುಷ್ ಪುಡಿಯಾಗಿ ಉದುರಿಹೋಗಿತ್ತು, ಬೋಲ್ಟು ಬರಿಯ ತೂತಿನಲ್ಲಿ ಆಡುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ ಆಗಿತ್ತು ಅವರ ಖರ್ಚು.

ಬುಷ್ ಎಂದರೇನು, ಎಲ್ಲಿರುತ್ತದೆ?

ನಮ್ಮ ದೇಶದಲ್ಲಿ 1940ರ ದಶಕದ ಕೊನೆಯಿಂದ ಬಂದ ವಿಲ್ಲಿಸ್ ಮಾದರಿಯ ಮಹೀಂದ್ರ ಜೀಪುಗಳು, ಅನಂತರದ ಎಂಎಂ 540, ಮೇಜರ್, ಕಮಾಂಡರ್ ಮತ್ತು 1985ರಲ್ಲಿ ಬಂದ ಮಾರುತಿ ಜಿಪ್ಸಿ ಇವೆಲ್ಲದರ ಮುಂಭಾಗದ ಕಟ್ಟು ಹೆಚ್ಚುಕಡಿಮೆ ಒಂದೇ ಬಗೆಯದು. ಎರಡು ಚಕ್ರಗಳ ನಡುವೆ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ. ಅದನ್ನು ಎರಡು ಕಮಾನು ಪಟ್ಟಿಗಳಿಗೆ ಯು-ಬೋಲ್ಟುಗಳಿಂದ ಬಿಗಿದಿರುತ್ತಾರೆ. ಪ್ರತಿ ಕಮಾನು ಪಟ್ಟಿಯ ಎರಡು ತುದಿಗಳೂ ಸುರುಳಿ ಸುತ್ತಿ ಕಣ್ಣಿನಂತಾಗಿರುತ್ತವೆ. ಒಂದು ಕಣ್ಣು ಚಾಸಿಗೆ ಪಿನ್ನಿನಿಂದ ನೇರವಾಗಿ ಸೇರುತ್ತದೆ, ಇನ್ನೊಂದು ‘ಶ್ಯಾಕಲ್’ ಎಂಬ ತೂಗು ಪಟ್ಟಿಯ ಮೂಲಕ ಸೇರುತ್ತದೆ. ಭಾರ ಬಿದ್ದು ಪಟ್ಟಿ ಚಪ್ಪಟೆಯಾದಾಗ ಅದರ ಉದ್ದ ಹೆಚ್ಚುವುದರಿಂದ ಈ ತೂಗು ಪಟ್ಟಿ ಬೇಕೇ ಬೇಕು.

ಈ ಕಣ್ಣು ಮತ್ತು ಪಿನ್ನಿನ ನಡುವೆ ಕೂರುವ ಕೊಳವೆಯೇ ಬುಷ್. ಎತ್ತಿನ ಗಾಡಿಯ ಚಕ್ರದ ಗುಂಬದೊಳಗೆ ಕಬ್ಬಿಣದ ಬಳೆ ಸವೆದರೆ ಚಕ್ರ ಹೇಗೆ ಓಲಾಡುವುದೆಂದು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿಯೂ ಅದೇ ಲೆಕ್ಕ. ಬಹಳ ಹಳೆಯ ಜೀಪುಗಳಲ್ಲಿ ಇವು ಮರೆ ಕೊರೆದ ಲೋಹದ ಬುಷ್‌ಗಳು, ಗ್ರೀಸ್ ನಿಪ್ಪಲ್ ಇರುತ್ತದೆ. ಈಚಿನವುಗಳಲ್ಲಿ ಬಹುತೇಕ ರಬ್ಬರಿನವು, ನಡುವೆ ಉಕ್ಕಿನ ಕೊಳವೆ ಇರುತ್ತದೆ.

ಬುಷ್‌ಗೆ ಎರಡು ಕೆಲಸ. ಒಂದು, ರಸ್ತೆಯ ಕುಲುಕಾಟವನ್ನು ಚಾಸಿಗೆ ಮುಟ್ಟದಂತೆ ನುಂಗುವುದು. ಎರಡು, ಆಕ್ಸಲ್ ಅನ್ನು ತನ್ನ ಜಾಗದಿಂದ ಪಕ್ಕಕ್ಕೂ ಹಿಂದುಮುಂದಕ್ಕೂ ಸರಿಯದಂತೆ ಹಿಡಿದಿಡುವುದು. ನಡುಕಕ್ಕೆ ಸಂಬಂಧಿಸಿದ್ದು ಈ ಎರಡನೆಯ ಕೆಲಸ.

ನಡುಕ ಹುಟ್ಟುವುದು ಹೇಗೆ?

ತಿರುಗುವ ಬುಗುರಿಯನ್ನು ಒಂದು ಬದಿಗೆ ವಾಲಿಸಿದರೆ ಅದು ಸುಮ್ಮನೆ ಬೀಳದೆ ಪಕ್ಕಕ್ಕೆ ಹೊರಳುತ್ತದೆ. ಓಡುವ ಚಕ್ರವೂ ಒಂದು ದೊಡ್ಡ ಬುಗುರಿಯೇ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಗಟ್ಟಿ ಆಕ್ಸಲ್ ಇಡಿಯಾಗಿ ವಾಲುತ್ತದೆ. ಆಗ ಎರಡೂ ಚಕ್ರಗಳು ಪಕ್ಕಕ್ಕೆ ತಿರುಗಲು ಹವಣಿಸುತ್ತವೆ. ನೆಲದ ಹಿಡಿತವು ಅವನ್ನು ಮತ್ತೆ ನೆಟ್ಟಗೆ ಎಳೆಯುತ್ತದೆ. ಎಲ್ಲ ಕೀಲುಗಳೂ ಬಿಗಿಯಾಗಿದ್ದರೆ ಈ ತೂಗಾಟ ಒಂದೆರಡು ಬಾರಿಗೆ ಅಡಗುತ್ತದೆ. ಸಡಿಲವಿದ್ದರೆ ಚಕ್ರ ನೆಟ್ಟಗಾಗುವಲ್ಲಿ ನಿಲ್ಲದೆ ಆಚೆಗೆ ದಾಟುತ್ತದೆ, ಅಲ್ಲಿಂದ ಈಚೆಗೆ ದಾಟುತ್ತದೆ. ತೂಗುವ ತೊಟ್ಟಿಲಿಗೆ ಪ್ರತಿ ಬಾರಿಯೂ ಯಾರೋ ಕೈ ಕೊಟ್ಟಂತೆ, ಓಡುತ್ತಿರುವ ಜೀಪಿನ ವೇಗವೇ ಈ ತೂಗಾಟಕ್ಕೆ ಶಕ್ತಿ ಒದಗಿಸುತ್ತದೆ. ಆದುದರಿಂದಲೇ ವೇಗ ಇಳಿಸದ ಹೊರತು ಅದು ನಿಲ್ಲದು.

ಇನ್ನೊಂದು ಕಾರಣವೂ ಉಂಟು. ಚಕ್ರವು ತಾನಾಗಿಯೇ ನೆಟ್ಟಗೆ ಬರುವಂತೆ ಕಿಂಗ್ ಪಿನ್ನನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ಕೂಡಿಸಿರುತ್ತಾರೆ. ಇದಕ್ಕೆ ‘ಕ್ಯಾಸ್ಟರ್’ ಎನ್ನುತ್ತಾರೆ. ವಿಲ್ಲಿಸ್ ಮಾದರಿಯಲ್ಲಿ ಇದು 3 ಡಿಗ್ರಿ. ಬುಷ್ ಸವೆದು ಕಮಾನು ಪಟ್ಟಿಯ ಒಂದು ತುದಿ ಇಳಿದರೆ, ಪಟ್ಟಿ ಬಳಲಿ ಜೋತರೆ ಅಥವಾ ಶ್ಯಾಕಲ್ ಬದಲಿಸಿ ಜೀಪನ್ನು ಎತ್ತರಿಸಿದರೆ ಈ ವಾಲು ಕೆಡುತ್ತದೆ. ಎಡಬಲದಲ್ಲಿ ಒಂದೇ ಬದಿಯ ಬುಷ್ ಹೋಗಿದ್ದರಂತೂ ಆಕ್ಸಲ್ ಓರೆಯಾಗಿ ಜೀಪು ಒಂದು ಕಡೆಗೆ ಎಳೆಯುತ್ತದೆ.

ಮೊದಲು ನಡುಕದ ಗುಣ ಗುರುತಿಸಿ

ದನಕ್ಕೆ ಮದ್ದು ಕೊಡುವ ಮುನ್ನ ಮೇವು ತಿನ್ನುತ್ತದೆಯೇ, ಮೆಲುಕು ಹಾಕುತ್ತದೆಯೇ ಎಂದು ಕೇಳುವಂತೆ, ನಡುಕ ಯಾವಾಗ ಬರುತ್ತದೆ ಎಂಬುದನ್ನು ಎರಡು ದಿನ ಗಮನವಿಟ್ಟು ನೋಡಿರಿ.

1. ನುಣುಪಾದ ರಸ್ತೆಯಲ್ಲಿಯೂ ಒಂದು ನಿರ್ದಿಷ್ಟ ವೇಗಕ್ಕೆ ಬಂದಾಗ ಸಣ್ಣ ಅದುರು ಬಂದು, ಆ ವೇಗ ದಾಟಿದರೆ ಕಡಿಮೆಯಾಗುತ್ತಿದ್ದರೆ, ಚಕ್ರದ ಸಮತೂಕ ತಪ್ಪಿರುವುದು ಅಥವಾ ರಿಮ್ ಸೊಟ್ಟಗಾಗಿರುವುದು ಕಾರಣವಿರಬಹುದು.

2. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಬ್ರೇಕ್ ಡ್ರಮ್ ಅಥವಾ ಡಿಸ್ಕ್ ಸೊಟ್ಟಗಾಗಿರುವುದನ್ನು ಶಂಕಿಸಬೇಕು. ಆದರೆ ಬುಷ್ ಸಡಿಲವಿದ್ದರೂ ಬ್ರೇಕ್ ಒತ್ತಿದಾಗ ಆಕ್ಸಲ್ ಸರಿಯುವುದರಿಂದ ಅದನ್ನೂ ನೋಡಬೇಕು.

3. ಗುಂಡಿ, ಕಲ್ಲು ಅಥವಾ ಸೇತುವೆಯ ಜೋಡಣೆ ದಾಟಿದೊಡನೆ ಜೋರಾಗಿ ಶುರುವಾಗಿ, ವೇಗ ಇಳಿಸುವವರೆಗೆ ನಿಲ್ಲದಿದ್ದರೆ ಅದು ಸಡಿಲದ ನಡುಕ. ಬುಷ್, ಟೈ ರಾಡ್ ತುದಿ, ಕಿಂಗ್ ಪಿನ್ ಇವುಗಳಲ್ಲಿ ಒಂದೋ ಹಲವೋ ಸವೆದಿವೆ.

4. ನಡುಕದ ಜೊತೆಗೆ ಕೆಳಗಿನಿಂದ ‘ಟಕ್ ಟಕ್’ ಸದ್ದು, ತಿರುವಿನಲ್ಲಿ ಜೀಪು ತಡವಾಗಿ ತಿರುಗಿದಂತೆ ಅನಿಸುವುದು, ನೇರ ಹೋಗುವಾಗ ಸ್ಟೀರಿಂಗ್ ಅನ್ನು ಪದೇ ಪದೇ ತಿದ್ದಬೇಕಾಗುವುದು ಇವೆಲ್ಲ ಬುಷ್ ಸವೆದಿರುವ ಲಕ್ಷಣಗಳು.

ಕಾಸು ಖರ್ಚಿಲ್ಲದ ತಪಾಸಣೆ

ಮೊದಲು ಜೀಪನ್ನು ತೊಳೆಯಿರಿ. ಇದು ತಮಾಷೆಯ ಮಾತಲ್ಲ. ಮಳೆಗಾಲದಲ್ಲಿ ತೋಟದ ಕೆಸರು ರಿಮ್ಮಿನ ಒಳಮೈಗೆ ಒಂದೇ ಬದಿಯಲ್ಲಿ ಮೆತ್ತಿ ಒಣಗಿದರೆ ಚಕ್ರದ ಸಮತೂಕ ಕೆಟ್ಟು ಜೀಪು ನಡುಗುತ್ತದೆ. ಒಳಗಿನ ಕೆಸರನ್ನು ಕೆರೆದು ತೆಗೆದ ಮಾತ್ರಕ್ಕೆ ಎಷ್ಟೋ ಜೀಪುಗಳ ಅದುರು ನಿಂತಿದೆ.

ಅನಂತರ ಎರಡೂ ಮುಂದಿನ ಟೈರುಗಳ ಗಾಳಿ ಒಂದೇ ಸಮ ಇದೆಯೇ, ಚಕ್ರದ ನಟ್ಟುಗಳೆಲ್ಲ ಬಿಗಿಯಾಗಿವೆಯೇ, ಟೈರಿನಲ್ಲಿ ಉಬ್ಬು ಬಂದಿದೆಯೇ ನೋಡಿರಿ. ಟೈರಿನ ಮೇಲ್ಮೈಯನ್ನು ಅಂಗೈಯಿಂದ ಸವರಿರಿ. ಅಲ್ಲಲ್ಲಿ ಚಿಪ್ಪಿನಂತೆ ತಗ್ಗು ಬಿದ್ದಿದ್ದರೆ ಚಕ್ರ ಬಹಳ ದಿನದಿಂದ ಕುಣಿಯುತ್ತಿದೆ ಎಂದು ತಿಳಿಯಿರಿ. ಇಂತಹ ಟೈರು ನಡುಕದ ಫಲ, ಮೂಲವಲ್ಲ. ಮೂಲ ಸರಿಪಡಿಸದೆ ಹೊಸ ಟೈರು ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಇಬ್ಬರು ಸೇರಿ ಮಾಡುವ ಪರೀಕ್ಷೆ

ಜೀಪನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಮುಂದೂ ಹಿಂದೂ ಕಲ್ಲು ಕೊಡಿರಿ. ಚಕ್ರಗಳು ನೆಲದ ಮೇಲೆಯೇ ಇರಲಿ. ಒಬ್ಬರು ಸೀಟಿನಲ್ಲಿ ಕುಳಿತು ಸ್ಟೀರಿಂಗ್ ಅನ್ನು ಎಡಕ್ಕೆ ಬಲಕ್ಕೆ ಗೇಣಿನಷ್ಟು ಬಿಡದೆ ಆಡಿಸುತ್ತಿರಲಿ. ಪವರ್ ಸ್ಟೀರಿಂಗ್ ಇದ್ದರೆ ಇಂಜಿನ್ ಓಡುತ್ತಿರಲಿ, ಆದರೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು. ಇನ್ನೊಬ್ಬರು ಬ್ಯಾಟರಿ ದೀಪ ಹಿಡಿದು ಮುಂದಿನಿಂದ ಬಗ್ಗಿ ನೋಡಬೇಕು. ಸ್ಟೀರಿಂಗ್ ಬಾಕ್ಸಿನಿಂದ ಹಿಡಿದು ಚಕ್ರದವರೆಗೆ ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಸಾಗಿರಿ.

ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂತಲ್ಲಿ ಅಲುಗುತ್ತದೆಯೇ? ಅಲ್ಲಿ ಚಾಸಿ ಬಿರುಕು ಬಿಟ್ಟಿದೆಯೇ? ಡ್ರ್ಯಾಗ್ ಲಿಂಕ್ ಮತ್ತು ಟೈ ರಾಡ್ ತುದಿಗಳಲ್ಲಿ ಒಂದು ಭಾಗ ಚಲಿಸಿದ ಮೇಲೆ ತಡವಾಗಿ ಇನ್ನೊಂದು ಚಲಿಸುತ್ತದೆಯೇ? ಹಳೆಯ ವಿಲ್ಲಿಸ್ ಮಾದರಿಗಳಲ್ಲಿ ಮುಂದಿನ ಅಡ್ಡಪಟ್ಟಿಯ ಮೇಲೆ ‘ಬೆಲ್ ಕ್ರ್ಯಾಂಕ್’ ಎಂಬ ಮೂಲೆ ಕೀಲು ಇರುತ್ತದೆ. ಅದರ ಪಿನ್ ಮತ್ತು ಬುಷ್ ಸವೆಯುವುದು ಬಹಳ. ಅಲ್ಲಿ ಕೂದಲೆಳೆಯಷ್ಟು ಸಡಿಲವಿದ್ದರೂ ಚಕ್ರದಲ್ಲಿ ಅದು ದೊಡ್ಡದಾಗಿ ಕಾಣುತ್ತದೆ.

ಕಡೆಗೆ ಕಮಾನು ಪಟ್ಟಿಯ ಕಣ್ಣುಗಳನ್ನು ನೋಡಿರಿ. ಬುಷ್ ಚೆನ್ನಾಗಿದ್ದರೆ ಕಣ್ಣು ಅಲ್ಪ ಮಾತ್ರ ಮಿಸುಕಿ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬುಷ್ ಹೋಗಿದ್ದರೆ ಚಕ್ರ ತಿರುಗುವ ಬದಲು ಇಡೀ ಕಮಾನು ಪಟ್ಟಿಯೇ ಪಕ್ಕಕ್ಕೆ ಸರಿಯುವುದು, ಶ್ಯಾಕಲ್ ಸೊಟ್ಟಗೆ ವಾಲುವುದು ಕಣ್ಣಿಗೆ ಕಾಣುತ್ತದೆ. ಗ್ಯಾರೇಜಿನಲ್ಲಿ ಜಾಕ್ ಮೇಲೆ ಎತ್ತಿ ಚಕ್ರ ಮಾತ್ರ ಅಲುಗಿಸಿ ನೋಡಿದರೆ ಈ ದೋಷ ತಪ್ಪಿಹೋಗುವ ಸಂಭವವುಂಟು. ಏಕೆಂದರೆ ಆಗ ಕಮಾನು ಪಟ್ಟಿ ಜೋತು, ಬುಷ್ ಒಂದು ಬದಿಗೆ ಒತ್ತಿ ನಿಂತಿರುತ್ತದೆ. ಆದುದರಿಂದ ಭಾರ ಚಕ್ರದ ಮೇಲಿರುವಾಗಲೇ ಈ ಪರೀಕ್ಷೆ ಮಾಡತಕ್ಕದ್ದು.

ಹಾರೆ ಹಾಕಿ ನೋಡುವುದು

ಸಂಶಯ ಉಳಿದರೆ ಒಂದು ಸಣ್ಣ ಹಾರೆಯ ತುದಿಯನ್ನು ಕಮಾನು ಪಟ್ಟಿಯ ಕಣ್ಣಿಗೂ ಅದನ್ನು ಹಿಡಿದ ಬ್ರ್ಯಾಕೆಟ್ಟಿಗೂ ನಡುವೆ ಕೊಟ್ಟು ಮೆಲ್ಲನೆ ಮೀಟಿರಿ. ಒಳ್ಳೆಯ ರಬ್ಬರ್ ಬಿಗಿಯಾಗಿ ತಡೆದು ವಾಪಸು ತಳ್ಳುತ್ತದೆ. ಕೆಟ್ಟ ರಬ್ಬರ್ ‘ಟಕ್’ ಎಂದು ಸದ್ದು ಮಾಡಿ ಸರಿಯುತ್ತದೆ. ರಬ್ಬರ್ ಬಿರುಕು ಬಿಟ್ಟಿರುವುದು, ಒಂದು ಬದಿಗೆ ಅಣಬೆಯಂತೆ ಹೊರಗೆ ಉಕ್ಕಿರುವುದು, ಬೋಲ್ಟು ಕಣ್ಣಿನ ನಡುವೆ ಇರದೆ ಒಂದು ಅಂಚಿಗೆ ಒರಗಿರುವುದು, ಸುತ್ತಲೂ ಕೆಂಪು ತುಕ್ಕಿನ ಪುಡಿ ಬಿದ್ದಿರುವುದು ಇವು ಖಚಿತ ಗುರುತುಗಳು.

ಇದೇ ಸಮಯದಲ್ಲಿ ಯು-ಬೋಲ್ಟು ಸಡಿಲವಾಗಿದೆಯೇ ನೋಡಿ. ಒಂದು ದಾರ ತೆಗೆದುಕೊಂಡು ಕಮಾನು ಪಟ್ಟಿಯ ಸ್ಥಿರ ಪಿನ್ನಿನಿಂದ ಆಕ್ಸಲ್‌ವರೆಗಿನ ದೂರವನ್ನು ಎಡಬಲಗಳಲ್ಲಿ ಅಳೆದು ಹೋಲಿಸಿರಿ. ಎರಡೂ ಸಮನಾಗಿರಬೇಕು. ವ್ಯತ್ಯಾಸ ಕಂಡರೆ ಬುಷ್ ಸವೆದಿದೆ ಅಥವಾ ಪಟ್ಟಿಯ ನಡುಬೋಲ್ಟು ತುಂಡಾಗಿ ಆಕ್ಸಲ್ ಸರಿದಿದೆ.

ಕಿಂಗ್ ಪಿನ್, ಬೇರಿಂಗ್ ತಪಾಸಣೆ

ಈಗ ಮುಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿರಿ. ಆಕ್ಸಲ್ ಕೆಳಗೆ ಗಟ್ಟಿ ಮರದ ದಿಮ್ಮಿಯನ್ನೋ ಸ್ಟ್ಯಾಂಡನ್ನೋ ಇಡದೆ ಯಾರೂ ಜೀಪಿನ ಅಡಿಗೆ ಹೋಗಕೂಡದು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಿಸಿರಿ. ಆಡಿದರೆ, ಜೊತೆಗಾರರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿರಿ. ಆಟ ನಿಂತರೆ ಸಡಿಲವಿರುವುದು ಚಕ್ರದ ಬೇರಿಂಗಿನಲ್ಲಿ. ಬ್ರೇಕ್ ಹಿಡಿದರೂ ಆಡುತ್ತಿದ್ದರೆ ಕಿಂಗ್ ಪಿನ್ ಬೇರಿಂಗಿನಲ್ಲಿ. ಎಡಬಲ ಹಿಡಿದು ಅಲುಗಿಸಿದಾಗ ಮಾತ್ರ ಆಡಿದರೆ ಟೈ ರಾಡ್ ತುದಿಯನ್ನು ನೋಡಬೇಕು.

ಕಿಂಗ್ ಪಿನ್ ಬೇರಿಂಗುಗಳನ್ನು ತೆಳು ಶಿಮ್‌ಗಳಿಂದ ಬಿಗಿ ಮಾಡಿರುತ್ತಾರೆ. ಶಿಮ್ ಎಷ್ಟು ತೆಗೆಯಬೇಕೆಂಬುದನ್ನು ಅಂದಾಜಿನ ಮೇಲೆ ಮಾಡದೆ, ತಕ್ಕಡಿಯ ಸ್ಪ್ರಿಂಗ್ ಬ್ಯಾಲೆನ್ಸ್ ಕಟ್ಟಿ ಎಳೆದು, ನಿಮ್ಮ ಮಾದರಿಯ ಕೈಪಿಡಿಯಲ್ಲಿ ಕೊಟ್ಟ ತೂಕಕ್ಕೆ ಹೊಂದಿಸಬೇಕು. ಇದು ಅನುಭವಿ ಮೆಕ್ಯಾನಿಕ್‌ನ ಕೆಲಸ.

ಬುಷ್ ಹಾಕಿಸುವಾಗ ಗಮನಿಸತಕ್ಕ ಅಂಶಗಳು

ಹಾಕಿಸುವುದಾದರೆ ಎಡಬಲ ಎರಡೂ ಬದಿಗೆ ಒಟ್ಟಿಗೆ ಹಾಕಿಸಿರಿ. ಒಂದು ಬದಿ ಹೊಸದು, ಇನ್ನೊಂದು ಬದಿ ಹಳೆಯದು ಇದ್ದರೆ ಆಕ್ಸಲ್ ಓರೆಯಾಗುವುದು ತಪ್ಪದು. ಬುಷ್ ಜೊತೆಗೆ ಪಿನ್ ಅಥವಾ ಬೋಲ್ಟನ್ನೂ ಪರೀಕ್ಷಿಸಿ. ಬೋಲ್ಟು ನಡುವೆ ಸವೆದು ಸೊಂಟ ಬಿದ್ದಿದ್ದರೆ, ಬ್ರ್ಯಾಕೆಟ್ಟಿನ ತೂತು ಮೊಟ್ಟೆಯಾಕಾರಕ್ಕೆ ತಿರುಗಿದ್ದರೆ ಹೊಸ ಬುಷ್ ಒಂದರಿಂದ ಪ್ರಯೋಜನವಿಲ್ಲ.

ಬುಷ್ ಅನ್ನು ಸುತ್ತಿಗೆಯಿಂದ ಬಡಿದು ಕೂರಿಸಕೂಡದು. ವೈಸ್ ಅಥವಾ ಪ್ರೆಸ್‌ನಲ್ಲಿ ಸರಿಯಳತೆಯ ಕೊಳವೆ ಇಟ್ಟು ಒತ್ತಿ ಕೂರಿಸಬೇಕು.

ಬಹು ಮುಖ್ಯವಾದ ಮಾತು ಒಂದುಂಟು. ರಬ್ಬರ್ ಬುಷ್‌ನ ಬೋಲ್ಟನ್ನು ಜೀಪು ಎತ್ತರದಲ್ಲಿರುವಾಗ ಪೂರ್ತಿ ಬಿಗಿ ಮಾಡಬಾರದು. ಮೊದಲು ಕೈಬಿಗಿ ಮಾಡಿ, ಜೀಪನ್ನು ಕೆಳಗಿಳಿಸಿ, ಅದರ ಭಾರ ಚಕ್ರದ ಮೇಲೆ ಬಿದ್ದ ಅನಂತರ ಕಡೆಯ ಬಿಗಿ ಕೊಡಬೇಕು. ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಂಡು ಕೆಲಸ ಮಾಡುತ್ತದೆ. ಎತ್ತಿದ ಸ್ಥಿತಿಯಲ್ಲಿ ಬಿಗಿದರೆ ಕೆಳಗಿಳಿಸಿದೊಡನೆ ಅದು ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಹೊಸ ಬುಷ್ ಒಂದೇ ಮಳೆಗಾಲಕ್ಕೆ ಹೋಯಿತು ಎಂದು ದೂರುವವರಲ್ಲಿ ಅನೇಕರಿಗೆ ಆದದ್ದು ಇದೇ.

ಲೋಹದ ಬುಷ್‌ಗೆ ಗ್ರೀಸ್ ಪ್ರಾಣ. ನೀರು, ಕೆಸರಿನಲ್ಲಿ ಓಡಿಸಿದ ಮೇಲೆ ನಿಪ್ಪಲ್‌ಗೆ ಹೊಸ ಗ್ರೀಸ್ ಹೊಡೆದು ಹಳೆಯ ಗ್ರೀಸ್ ಮಣ್ಣಿನೊಡನೆ ಹೊರಬರುವಂತೆ ಮಾಡಬೇಕು. ಆದರೆ ರಬ್ಬರ್ ಬುಷ್‌ಗೆ ಗ್ರೀಸ್, ಡೀಸೆಲ್, ಹಳೆ ಇಂಜಿನ್ ಆಯಿಲ್ ಸವರಬೇಡಿ. ಸಾಮಾನ್ಯ ರಬ್ಬರ್ ಎಣ್ಣೆ ಕುಡಿದು ಉಬ್ಬಿ ಮೆತ್ತಗಾಗುತ್ತದೆ. ಕೀಚು ಸದ್ದು ಅಡಗಿಸಲು ಎಣ್ಣೆ ಬಿಡುವ ಅಭ್ಯಾಸವನ್ನು ಕೈಬಿಡುವುದು ಒಳ್ಳೆಯದು.

ಎಲ್ಲ ಬಿಗಿಯಾದ ಮೇಲೆ ಮುಂದಿನ ಚಕ್ರಗಳ ‘ಟೋ-ಇನ್’ ನೋಡಿಸಿರಿ. ಚಕ್ರಗಳ ಮುಂಬದಿಯ ನಡುವಿನ ಅಂತರ ಹಿಂಬದಿಗಿಂತ ತುಸು ಕಡಿಮೆ ಇರಬೇಕು. ವಿಲ್ಲಿಸ್ ಮಾದರಿಗೆ ಇದು 3/64 ರಿಂದ 3/32 ಅಂಗುಲ. ಉಳಿದವಕ್ಕೆ ಆಯಾ ಕೈಪಿಡಿಯ ಅಳತೆಯೇ ಪ್ರಮಾಣ. ಸಡಿಲ ಸರಿಪಡಿಸದೆ ಅಲೈನ್‌ಮೆಂಟ್ ಮಾಡಿಸುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ. ಕೆಲವು ದಿನ ಓಡಿಸಿದ ಅನಂತರ ಯು-ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸುವುದನ್ನು ಮರೆಯಬೇಡಿರಿ.

ನೋವು ಮರೆಸುವ ಮದ್ದು

ಕೆಲವರು ನಡುಕಕ್ಕೆ ‘ಸ್ಟೀರಿಂಗ್ ಡ್ಯಾಂಪರ್’ ಕೂಡಿಸಿ ತೃಪ್ತರಾಗುತ್ತಾರೆ. ಕೀಲುಗಳೆಲ್ಲ ಸರಿಯಾಗಿರುವ ಜೀಪಿಗೆ ಅದು ಸಹಾಯಕವೇ ಹೌದು. ಆದರೆ ಸವೆದ ಬುಷ್ ಇರುವ ಜೀಪಿಗೆ ಅದು ಹಲ್ಲುನೋವಿಗೆ ಲವಂಗ ಒತ್ತಿಕೊಂಡಂತೆ. ನೋವು ಅಡಗುತ್ತದೆ, ಹುಳುಕು ಬೆಳೆಯುತ್ತದೆ. ಸ್ಟೀರಿಂಗ್ ಬಾಕ್ಸಿನ ಸ್ಕ್ರೂ ಅನ್ನು ಮಿತಿಮೀರಿ ಬಿಗಿಯುವುದೂ ತಪ್ಪು. ಅದರಿಂದ ಬಾಕ್ಸಿನ ಹಲ್ಲುಗಳು ಸವೆದು, ತಿರುವಿನ ಮೇಲೆ ಸ್ಟೀರಿಂಗ್ ತಾನಾಗಿ ನೆಟ್ಟಗಾಗದೆ ಹಿಡಿದುಕೊಳ್ಳುತ್ತದೆ.

ಈಚಿನ ಬೊಲೆರೊ, ಥಾರ್‌ನಂತಹ ವಾಹನಗಳಲ್ಲಿ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆಯಾಗಿ ಏರಿಳಿಯುವ ಕಟ್ಟು ಇರುವುದು ಹೆಚ್ಚು. ಅಲ್ಲಿ ಕಮಾನು ಪಟ್ಟಿಯ ಬದಲು ಕಂಟ್ರೋಲ್ ಆರ್ಮ್ ಬುಷ್ ಮತ್ತು ಬಾಲ್ ಜಾಯಿಂಟ್‌ಗಳನ್ನು ಇದೇ ಕ್ರಮದಲ್ಲಿ ನೋಡಬೇಕು. ಟ್ರ್ಯಾಕ್ಟರ್ ಇರುವವರು ಮುಂದಿನ ಆಕ್ಸಲ್ ತೂಗುವ ನಡುಪಿನ್ನಿನ ಬುಷ್ ನೋಡಿರಿ. ಗ್ರೀಸ್ ಕಾಣದೆ ಅದು ಸವೆದರೆ ಟ್ರೇಲರ್ ಕಟ್ಟಿ ರಸ್ತೆಗೆ ಬಂದಾಗ ಮುಂದಿನ ಚಕ್ರಗಳು ಓಲಾಡುತ್ತವೆ.

ದಾರಿಯಲ್ಲಿ ನಡುಕ ಬಂದರೆ

ಗಾಬರಿಯಿಂದ ಬ್ರೇಕ್ ಮೇಲೆ ಎಗರಬೇಡಿರಿ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗ್ ಅನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿಯಿರಿ, ಹೆಬ್ಬೆರಳು ಅದರ ಕಡ್ಡಿಗಳ ನಡುವೆ ಸಿಕ್ಕದಂತಿರಲಿ. ವೇಗ ಇಳಿದಂತೆ ಮೃದುವಾಗಿ ಬ್ರೇಕ್ ಒತ್ತಿ ಬದಿಗೆ ನಿಲ್ಲಿಸಿರಿ. ‘ಇನ್ನಷ್ಟು ಜೋರು ಬಿಟ್ಟರೆ ನಡುಕ ದಾಟಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿರಿ. ಘಟ್ಟ ಇಳಿಯುವಾಗ ಬಂದರೆ, ನಿಲ್ಲಿಸಿ ಜನರನ್ನು ಇಳಿಸಿ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಇಳಿಸಿರಿ. ಸರಿಪಡಿಸುವವರೆಗೆ ಆ ಜೀಪಿನಲ್ಲಿ ಕೆಲಸದವರನ್ನಾಗಲಿ ಮಕ್ಕಳನ್ನಾಗಲಿ ಕೂರಿಸಬಾರದು.

ವರ್ಷಕ್ಕೆ ಎರಡು ಬಾರಿ, ಮುಂಗಾರು ಹಿಡಿಯುವ ಮುನ್ನ ಮೇ ತಿಂಗಳಲ್ಲಿ ಮತ್ತು ಕಾಫಿ, ಅಡಿಕೆ ಕೊಯ್ಲಿನ ಓಡಾಟಕ್ಕೆ ಮುಂಚೆ, ಮೇಲೆ ಹೇಳಿದ ತಪಾಸಣೆ ಮಾಡಿರಿ. ಇಬ್ಬರಿಗೆ ಅರ್ಧ ಗಂಟೆಯ ಕೆಲಸ. ಗ್ಯಾರೇಜಿಗೆ ಹೋದಾಗ ‘ನಡುಗುತ್ತದೆ, ನೋಡಿ’ ಎಂದಷ್ಟೇ ಹೇಳದೆ, ಯಾವಾಗ ನಡುಗುತ್ತದೆ, ಯಾವ ಕೀಲು ಆಡುತ್ತಿರುವುದನ್ನು ನೀವು ಕಂಡಿರಿ ಎಂಬುದನ್ನು ಹೇಳಿರಿ. ತೆಗೆದ ಹಳೆಯ ಭಾಗವನ್ನು ಕೇಳಿ ಪಡೆದು ಕಣ್ಣಾರೆ ನೋಡಿರಿ. ಹಾಕಿದ ದಿನಾಂಕವನ್ನು ತೋಟದ ಡೈರಿಯಲ್ಲಿ ಬರೆದಿಡಿರಿ. ಜೀಪಿನ ಬಿಡಿಭಾಗಗಳಲ್ಲಿ ಅತಿ ಅಗ್ಗದವುಗಳ ಸಾಲಿಗೆ ಸೇರುವ ಬುಷ್, ಟೈರನ್ನೂ ಸ್ಟೀರಿಂಗ್ ಬಾಕ್ಸನ್ನೂ ಅದರಲ್ಲಿ ಕುಳಿತವರ ಜೀವವನ್ನೂ ಕಾಯುತ್ತದೆ.